ತನ್ನ ಬದುಕನ್ನು ತಾನೇ ಕಾಣುವ ರಾತ್ರಿ: ಡಿಕನ್ಸ್, ಜನ್ನ ಮತ್ತು ಒಂದು ಮೂಗುತಿಯ ಕಥೆ

(ಅಮೃತಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಚಾರ್ಲ್ಸ್ ಡಿಕನ್ಸ್ ಬರೆದ ‘ಎ ಕ್ರಿಸ್‌ಮಸ್ ಕ್ಯಾರಲ್’ ಎಂಬ ಸಣ್ಣ ಪುಸ್ತಕ. ಜಿಪುಣ ಮುದುಕನೊಬ್ಬ ಒಂದೇ ರಾತ್ರಿಯಲ್ಲಿ ನಾಲ್ಕು ಪ್ರೇತಗಳನ್ನು ಕಂಡು ಬೆಳಗಾಗುವಷ್ಟರಲ್ಲಿ ಬೇರೆ ಮನುಷ್ಯನಾಗುವ ಕಥೆ ಅದು. ನಿಮ್ಮಲ್ಲಿ ಅನೇಕರು ಇದನ್ನು ಶಾಲೆಯ ಪಠ್ಯದಲ್ಲೋ ಸಿನಿಮಾದಲ್ಲೋ ಕಂಡಿರುತ್ತೀರಿ. ಆದರೆ ಆ ಪುಸ್ತಕವನ್ನು ಒಂಟಿಯಾಗಿ ಇಟ್ಟುಕೊಂಡು ಮಾತನಾಡುವ ಉದ್ದೇಶ ನನಗಿಲ್ಲ. ಅದರ ಪಕ್ಕದಲ್ಲಿ ನಮ್ಮ ಎರಡು ಕಥೆಗಳನ್ನು ಇಡುತ್ತೇನೆ. ಒಂದು, 1209ರಲ್ಲಿ ಜನ್ನ ರಚಿಸಿದ ‘ಯಶೋಧರ ಚರಿತೆ’. ಇನ್ನೊಂದು ಯಾವ ಒಬ್ಬ ಕವಿಯದೂ ಅಲ್ಲ. ಶ್ರೀನಿವಾಸ ನಾಯಕನೆಂಬ ಲೇವಾದೇವಿಗಾರ ಪುರಂದರದಾಸನಾದ ಐತಿಹ್ಯ.

ಈ ಕಥೆಗಳನ್ನು ಮೂರು ವಿಚಾರಗಳ ಮೂಲಕ ನೋಡೋಣ. ಮೊದಲಿಗೆ ತಿಜೋರಿ ಮತ್ತು ಬಾಗಿಲು, ಅಂದರೆ ಕೊಡಲೊಲ್ಲದ ಮನುಷ್ಯನನ್ನು ಕಥೆ ಹೇಗೆ ಕಟ್ಟುತ್ತದೆ ಎಂಬ ವಿಚಾರ. ಆಮೇಲೆ ಪ್ರೇತ ಮತ್ತು ಕಾಲ. ಕೊನೆಗೆ, ಈ ಕಥೆಗಳಲ್ಲಿ ಯಾರಿಗೆ ಬಿಡುಗಡೆ ಸಿಗುತ್ತದೆ, ಯಾರು ಹೊರಗೇ ಉಳಿಯುತ್ತಾರೆ ಎಂಬ ಪ್ರಶ್ನೆ. ನನ್ನ ವಾದವನ್ನು ಈಗಲೇ ಹೇಳಿಬಿಡುತ್ತೇನೆ. ಈ ಕಥೆಗಳಲ್ಲಿ ಮನುಷ್ಯ ಬುದ್ಧಿವಾದ ಕೇಳಿ ಬದಲಾಗುವುದಿಲ್ಲ. ತನ್ನ ಬದುಕನ್ನು ತಾನೇ ಹೊರಗೆ ನಿಂತು ನೋಡಬೇಕಾಗಿ ಬಂದಾಗ ಬದಲಾಗುತ್ತಾನೆ. ಹಾಗೆ ನೋಡಿಸುವುದೇ ಇಲ್ಲಿನ ಕಥನಕಲೆಯ ಮುಖ್ಯ ಕೆಲಸ.

ಪುಸ್ತಕ ಹುಟ್ಟಿದ ಸಂದರ್ಭವೇ ಈ ಮಾತಿಗೆ ಸಾಕ್ಷಿ. 1843ರ ಆರಂಭದಲ್ಲಿ ಇಂಗ್ಲೆಂಡಿನ ಗಣಿಗಳಲ್ಲೂ ಕಾರ್ಖಾನೆಗಳಲ್ಲೂ ದುಡಿಯುತ್ತಿದ್ದ ಮಕ್ಕಳ ಸ್ಥಿತಿಗತಿ ಕುರಿತ ಸರ್ಕಾರಿ ಆಯೋಗದ ವರದಿಯನ್ನು ಡಿಕನ್ಸ್ ಓದಿದ. ಬಡವರ ಮಕ್ಕಳ ಪರವಾಗಿ ಒಂದು ಕರಪತ್ರ ಬರೆಯಬೇಕೆಂದು ಮೊದಲು ಯೋಚಿಸಿದ. ಆಮೇಲೆ ಆ ಯೋಚನೆ ಕೈಬಿಟ್ಟು, ಕರಪತ್ರಕ್ಕಿಂತ ಹಲವು ಪಟ್ಟು ಬಲವಾದ ಪೆಟ್ಟನ್ನು ಕಥೆಯಿಂದ ಕೊಡುತ್ತೇನೆಂದು ನಿರ್ಧರಿಸಿದ. ಲಂಡನ್ನಿನ ಬಡಮಕ್ಕಳ ಶಾಲೆಯೊಂದನ್ನು ಕಂಡುಬಂದ. ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಭಾಷಣ ಮಾಡಿ ಬಂದ. ಸುಮಾರು ಆರು ವಾರಗಳಲ್ಲಿ ಬರೆದು ಮುಗಿಸಿದ ಪುಸ್ತಕ ಡಿಸೆಂಬರ್ 19ರಂದು ಹೊರಬಂತು. ಕ್ರಿಸ್‌ಮಸ್ ಹಿಂದಿನ ದಿನದ ಹೊತ್ತಿಗೆ 6,000 ಪ್ರತಿಗಳು ಮಾರಾಟವಾಗಿದ್ದವು. ಅದೇ ವರ್ಷದ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದಿದ್ದ ಎಂಬುದನ್ನೂ ನೆನಪಿಸುತ್ತೇನೆ. ಇದೇ ಮೊಗ್ಲಿಂಗ್ ಮುಂದೆ ಹರಿದಾಸರ ಪದಗಳನ್ನು ಅಚ್ಚುಮಾಡಿಸಿದವನು.

ಡಿಕನ್ಸನಿಗೆ ಬಡತನ ವರದಿಯಿಂದ ಮಾತ್ರ ತಿಳಿದ ವಿಷಯವಾಗಿರಲಿಲ್ಲ. 1824ರಲ್ಲಿ ಅವನ ತಂದೆ ಸಾಲ ತೀರಿಸಲಾಗದೆ ಮಾರ್ಷಲ್‌ಸೀ ಸೆರೆಮನೆ ಸೇರಿದ್ದ. ಹನ್ನೆರಡು ವರ್ಷದ ಹುಡುಗ ಬೂಟುಪಾಲಿಷ್ ತಯಾರಿಸುವ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ. ಕಥೆಯೊಳಗೆ ಬರುವ ಮಕ್ಕಳ ಬಗ್ಗೆ ಲೇಖಕನಿಗಿರುವ ಸಂಕಟಕ್ಕೆ ಈ ಬೇರು ಇದೆ.

ಈಗ ಮೊದಲನೆಯ ವಿಚಾರಕ್ಕೆ ಬರುತ್ತೇನೆ: ತಿಜೋರಿ ಮತ್ತು ಬಾಗಿಲು.

ಎಬನೀಜರ್ ಸ್ಕ್ರೂಜ್ ಎಂಥವನೆಂದು ಡಿಕನ್ಸ್ ವಿಶೇಷಣಗಳಲ್ಲಿ ಹೇಳಿ ಸುಮ್ಮನಾಗುವುದಿಲ್ಲ, ವಸ್ತುಗಳ ಮೂಲಕ ತೋರಿಸುತ್ತಾನೆ. ಹೊರಗೆ ಮಂಜು, ಕೊರೆಯುವ ಚಳಿ. ಗುಮಾಸ್ತ ಬಾಬ್ ಕ್ರ್ಯಾಚಿಟ್‌ನ ಒಲೆಯಲ್ಲಿ ಒಂದೇ ಕೆಂಡವೇನೋ ಅನ್ನಿಸುವಷ್ಟು ಸಣ್ಣ ಬೆಂಕಿ. ಇದ್ದಿಲ ಡಬ್ಬ ಮಾತ್ರ ಯಜಮಾನನ ಕೋಣೆಯಲ್ಲಿ. ಗುಮಾಸ್ತನಿಗೆ ವಾರಕ್ಕೆ ಹದಿನೈದು ಷಿಲಿಂಗ್ ಸಂಬಳ. ಬಡವರಿಗಾಗಿ ಚಂದಾ ಕೇಳಲು ಇಬ್ಬರು ಬಂದಾಗ ಸ್ಕ್ರೂಜ್ ಸೆರೆಮನೆಗಳನ್ನೂ ಬಡವರ ದುಡಿಮೆಮನೆಗಳನ್ನೂ ನೆನಪಿಸುತ್ತಾನೆ. ಅಲ್ಲಿಗೆ ಹೋಗುವುದಕ್ಕಿಂತ ಸಾಯುವುದೇ ಮೇಲೆನ್ನುವವರು ಸತ್ತರೆ ಹೆಚ್ಚಾದ ಜನಸಂಖ್ಯೆಯಾದರೂ ಇಳಿಯುತ್ತದೆ ಎನ್ನುವ ಅರ್ಥದ ಮಾತನ್ನೂ ಆಡುತ್ತಾನೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಕಥೆ ಇದನ್ನು ಮರೆಯುವುದಿಲ್ಲ.

ಅದೇ ರಾತ್ರಿ ಏಳು ವರ್ಷದ ಹಿಂದೆ ಸತ್ತ ಪಾಲುದಾರ ಜೇಕಬ್ ಮಾರ್ಲಿಯ ಪ್ರೇತ ಬರುತ್ತದೆ. ಅದರ ಸೊಂಟಕ್ಕೆ ಸುತ್ತಿದ ಸರಪಳಿಯಲ್ಲಿ ಕೊಂಡಿಗಳ ಜೊತೆ ಹಣದ ಪೆಟ್ಟಿಗೆ, ಬೀಗ, ಬೀಗದಕೈ, ಲೆಕ್ಕದ ಪುಸ್ತಕ, ಕರಾರುಪತ್ರಗಳೂ ಜೋಲಾಡುತ್ತವೆ. ಬದುಕಿದ್ದಾಗ ಯಾವುದನ್ನು ಕಾಯ್ದನೋ ಅದೇ ಈಗ ಅವನನ್ನು ಕಟ್ಟಿಹಾಕಿದೆ. ಆದರೆ ಮಾರ್ಲಿಯ ನಿಜವಾದ ಶಿಕ್ಷೆ ಸರಪಳಿಯಲ್ಲ. ಕಿಟಕಿಯಾಚೆ ಸ್ಕ್ರೂಜ್ ನೋಡುತ್ತಾನೆ: ಮೆಟ್ಟಿಲ ಮೇಲೆ ಕೂಸನ್ನಿಟ್ಟುಕೊಂಡು ಕುಳಿತ ಬಡ ಹೆಂಗಸು, ಅವಳಿಗೆ ನೆರವಾಗಲು ಹಂಬಲಿಸಿ, ಆಗದೆ ಅಳುವ ಪ್ರೇತ. ಕೊಡಬಹುದಾಗಿದ್ದಾಗ ಮನಸ್ಸಿರಲಿಲ್ಲ, ಮನಸ್ಸು ಬಂದಾಗ ಕೈ ಇಲ್ಲ. ನರಕವನ್ನು ಬೆಂಕಿಯಿಲ್ಲದೆ ಚಿತ್ರಿಸಿದ ಈ ದೃಶ್ಯವೇ, ನನ್ನ ಅಭಿಪ್ರಾಯದಲ್ಲಿ, ಇಡೀ ಪುಸ್ತಕದ ಅತ್ಯಂತ ಗಟ್ಟಿ ಭಾಗ.

ಈಗ ನವಕೋಟಿ ನಾರಾಯಣ ಎನಿಸಿಕೊಂಡಿದ್ದ ನಮ್ಮ ಶ್ರೀನಿವಾಸ ನಾಯಕನ ಅಂಗಡಿಗೆ ಬನ್ನಿ. ಮಗನ ಮುಂಜಿಗೆ ಹಣ ಬೇಡಲು ಬಂದ ಬಡ ಬ್ರಾಹ್ಮಣನನ್ನು ಶ್ರೀನಿವಾಸ ನಾಯಕ ಇಂದು ಬಾ, ನಾಳೆ ಬಾ ಎಂದು ತಿಂಗಳುಗಟ್ಟಲೆ ಅಲೆಸುತ್ತಾನೆ. ಕೊನೆಗೆ ಸವಕಲು ಕಾಸುಗಳ ರಾಶಿ ಸುರಿದು, ಒಂದನ್ನು ಆರಿಸಿಕೊಂಡು ಹೋಗು ಎನ್ನುತ್ತಾನೆ. ಬ್ರಾಹ್ಮಣ ಅವನ ಮನೆಯ ಬಾಗಿಲಿಗೆ ಹೋಗುತ್ತಾನೆ. ಹೆಂಡತಿ ಸರಸ್ವತಿಬಾಯಿ ತನ್ನ ತವರಿನವರು ಕೊಟ್ಟ ಮೂಗುತಿಯನ್ನೇ ಬಿಚ್ಚಿ ಕೊಡುತ್ತಾಳೆ. ಬ್ರಾಹ್ಮಣ ಅದನ್ನು ಒಯ್ಯುವುದು ಆಕೆಯ ಗಂಡನ ಅಂಗಡಿಗೇ. ನಾಯಕ ಗುರುತು ಹಿಡಿದು, ಮೂಗುತಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಮನೆಗೆ ಬಂದು ಎಲ್ಲಿ ಮೂಗುತಿ ಎಂದು ಕೇಳುತ್ತಾನೆ. ದಿಕ್ಕು ತೋಚದ ಆಕೆ ವಿಷ ಕುಡಿಯಲು ಬಟ್ಟಲೆತ್ತಿದರೆ ಅದರೊಳಗೆ ಮೂಗುತಿ. ನಾಯಕ ಅಂಗಡಿಗೆ ಓಡಿ ಬೀಗ ತೆಗೆದರೆ ಪೆಟ್ಟಿಗೆ ಬರಿದು.

ಎರಡು ಕಥೆಗಳಲ್ಲೂ ಬೀಗ ಹಾಕಿದ ಪೆಟ್ಟಿಗೆಯೇ ಜಿಪುಣನ ವಿರುದ್ಧ ಸಾಕ್ಷಿ ಹೇಳುತ್ತದೆ. ವ್ಯತ್ಯಾಸ ಇರುವುದು ಹೆಂಗಸರ ವಿಷಯದಲ್ಲಿ. ಸ್ಕ್ರೂಜನನ್ನು ತಿದ್ದಬಹುದಾಗಿದ್ದ ಇಬ್ಬರೂ ಅವನ ಪಾಲಿಗೆ ಕಳೆದುಹೋದವರು. ತಂಗಿ ಫ್ಯಾನ್ ಸತ್ತಿದ್ದಾಳೆ. ಮದುವೆಯಾಗಬೇಕಿದ್ದ ಬೆಲ್, ಅವನ ಮನಸ್ಸಿನಲ್ಲಿ ತನ್ನ ಜಾಗಕ್ಕೆ ಹಣ ಬಂದು ಕೂತಿದೆಯೆಂದು ತಿಳಿದು ಬಿಟ್ಟುಹೋಗಿದ್ದಾಳೆ. ಅದಕ್ಕೇ ಡಿಕನ್ಸನಿಗೆ ಪ್ರೇತಗಳು ಬೇಕಾದವು. ನಾಯಕನ ಮನೆಯಲ್ಲಿ ಕೊಡುವ ಕೈ ಇನ್ನೂ ಬದುಕಿದೆ, ಹಾಗಾಗಿ ಅಲ್ಲಿ ಪ್ರೇತದ ಅಗತ್ಯವಿಲ್ಲ. ದಾಸರ ಹಿರಿಮೆಯನ್ನು ಹಾಡುವ ನಾವು ಮೂಗುತಿ ಬಿಚ್ಚಿದ ಸರಸ್ವತಿಬಾಯಿಯನ್ನು ಬೇಗ ದಾಟಿಬಿಡುತ್ತೇವೆ. ಆ ಕಥೆಯಲ್ಲಿ ಯಾರೂ ಕಣ್ತೆರೆಸದೆ ತಾನಾಗಿ ಕೊಟ್ಟವಳು ಆಕೆಯೊಬ್ಬಳೇ.

ಎರಡನೆಯ ವಿಚಾರಕ್ಕೆ ಹೋಗೋಣ: ಪ್ರೇತ ಮತ್ತು ಕಾಲ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಜನ್ನ ಬರುವುದು ಇಲ್ಲಿಯೇ.

ಮಾರ್ಲಿಯ ನಂತರ ಬರುವ ಮೂರು ಪ್ರೇತಗಳು ಭೂತ, ವರ್ತಮಾನ, ಭವಿಷ್ಯಗಳ ಕ್ರಿಸ್‌ಮಸ್‌ಗಳನ್ನು ಸ್ಕ್ರೂಜನಿಗೆ ತೋರಿಸುತ್ತವೆ. ಅವನು ಎಲ್ಲವನ್ನೂ ನೋಡಬಲ್ಲ, ಯಾವುದನ್ನೂ ಮುಟ್ಟಲಾರ. ಅಲ್ಲಿಯ ಜನಕ್ಕೆ ಅವನು ಕಾಣುವುದೂ ಇಲ್ಲ. ರಂಗದ ಮುಂದೆ ಕುಳಿತ ಪ್ರೇಕ್ಷಕನ ಸ್ಥಿತಿ ಅದು, ಆದರೆ ನಾಟಕ ಅವನದೇ. ಹಳೆಯ ಯಜಮಾನ ಫೆಜಿವಿಗ್ ಕೆಲಸಗಾರರಿಗೆಲ್ಲ ಹಬ್ಬದ ಕುಣಿತ ಏರ್ಪಡಿಸಿದ್ದನ್ನು ನೋಡುತ್ತಿದ್ದಂತೆ, ತನ್ನ ಗುಮಾಸ್ತನ ಜೊತೆ ಒಂದೆರಡು ಮಾತಾಡಬೇಕಿತ್ತು ಎಂದು ಅವನಿಗೆ ಅನ್ನಿಸುತ್ತದೆ. ಇನ್ನೂ ಯಾವ ಭಯವೂ ಹುಟ್ಟಿಲ್ಲ. ಸ್ಕ್ರೂಜ್ ಸಾವಿಗೆ ಹೆದರಿ ಒಳ್ಳೆಯವನಾದ ಎಂದು ಹೇಳುವವರು ಈ ಜಾಗವನ್ನು ಮತ್ತೊಮ್ಮೆ ಓದಬೇಕು. ಮೊದಲ ಬಿರುಕು ಬಿಟ್ಟದ್ದು ಕೃತಜ್ಞತೆಯಿಂದ.

ವರ್ತಮಾನದ ಪ್ರೇತ ಅವನನ್ನು ಕ್ರ್ಯಾಚಿಟ್‌ನ ಮನೆಗೆ ಕರೆದೊಯ್ಯುತ್ತದೆ. ಕಾಲು ಊನವಾದ ಮಗು ಟೈನಿ ಟಿಮ್ ಉಳಿಯುತ್ತಾನೆಯೇ ಎಂದು ಸ್ಕ್ರೂಜ್ ಕಾತರದಿಂದ ಕೇಳುತ್ತಾನೆ. ಆಗ ಪ್ರೇತ ಹೆಚ್ಚಾದ ಜನಸಂಖ್ಯೆಯ ಬಗ್ಗೆ ಅವನೇ ಆಡಿದ್ದ ಮಾತನ್ನು ಹಿಂದಿರುಗಿಸುತ್ತದೆ. ಅಂಗಡಿಯಲ್ಲಿ ಲೆಕ್ಕದ ಮಾತಾಗಿದ್ದದ್ದು ಈಗ ಒಂದು ಮಗುವಿನ ಮುಖ ಪಡೆದಿದೆ. ಮುಂದೆ ಅದೇ ಪ್ರೇತದ ನಿಲುವಂಗಿಯ ಅಡಿಯಿಂದ ಎರಡು ಬಡಕಲು ಮಕ್ಕಳು ಹೊರಬರುತ್ತವೆ: ಹುಡುಗ ಅಜ್ಞಾನ, ಹುಡುಗಿ ಕೊರತೆ. ಇವರಿಗೆ ಆಸರೆ ಇಲ್ಲವೇ ಎಂದು ಕೇಳಿದರೆ ಸೆರೆಮನೆಯ ಮಾತೂ ಮರಳಿ ಬರುತ್ತದೆ.

ಸ್ಕ್ರೂಜ್ ಯಾರನ್ನೂ ಕೊಂದವನಲ್ಲ, ಕದ್ದವನಲ್ಲ, ಕಾನೂನು ಮೀರಿದವನಲ್ಲ. ಅವನ ಪಾಪವೆಲ್ಲ ಮನಸ್ಸಿನಲ್ಲಿದೆ, ಮಾತಿನಲ್ಲಿದೆ. ಆ ಮಾತಿಗೆ ಜೀವ ಬಂದು ಎದುರು ನಿಂತಾಗಲೇ ಅವನು ತಲೆ ತಗ್ಗಿಸುತ್ತಾನೆ. ಇದಕ್ಕೆ ಆರುನೂರಕ್ಕೂ ಹೆಚ್ಚು ವರ್ಷ ಮೊದಲು ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎಂಬ ಬಿರುದು ಪಡೆದ ಜನ್ನ ಇದೇ ತಿರುವನ್ನು ಒಂದು ಹಿಟ್ಟಿನ ಕೋಳಿಯಲ್ಲಿ ಹಿಡಿದಿಟ್ಟಿದ್ದ.

ಕಥೆಯನ್ನು ಸಂಕ್ಷೇಪವಾಗಿ ನೆನಪಿಸುತ್ತೇನೆ. ರಾಜಪುರದ ದೊರೆ ಮಾರಿದತ್ತ ಚೈತ್ರದ ಜಾತ್ರೆಯಲ್ಲಿ ಚಂಡಮಾರಿ ದೇವತೆಗೆ ಜೀವಿಗಳ ಜೋಡಿಗಳನ್ನು ಬಲಿ ಕೊಡಲು ಹೊರಟಿದ್ದಾನೆ. ನರಬಲಿಗೆಂದು ಇಬ್ಬರು ಎಳೆಯರನ್ನು ಹಿಡಿದು ತರಲಾಗಿದೆ: ಅಭಯರುಚಿ, ಅಭಯಮತಿ, ಸುದತ್ತಾಚಾರ್ಯರ ಶಿಷ್ಯರಾದ ಅಣ್ಣತಂಗಿಯರು. ಸಾಯಲಿರುವವರ ಮುಖದಲ್ಲಿ ಭಯವಿಲ್ಲದ್ದು ಕಂಡು ದೊರೆಯೇ ಬೆರಗಾಗಿ ನೀವು ಯಾರು ಎಂದು ಕೇಳುತ್ತಾನೆ. ಅಭಯರುಚಿ ತನ್ನ ಹಿಂದಿನ ಜನ್ಮಗಳನ್ನು ಹೇಳತೊಡಗುತ್ತಾನೆ.

ಒಂದು ಕಾಲಕ್ಕೆ ಅವನು ಉಜ್ಜಯಿನಿಯ ದೊರೆ ಯಶೋಧರ. ರಾಣಿ ಅಮೃತಮತಿ ನಡುರಾತ್ರಿ ಕೇಳಿಬಂದ ಮಾವುತನೊಬ್ಬನ ಹಾಡಿಗೆ ಮನಸೋತು ಅವನ ಬಳಿ ಹೋಗುತ್ತಿದ್ದುದನ್ನು ಯಶೋಧರ ಕಣ್ಣಾರೆ ಕಂಡ. ಎತ್ತಿದ ಕತ್ತಿಯನ್ನು ಇಳಿಸಿದ. ತನಗೆ ಕೆಟ್ಟ ಕನಸು ಬಿತ್ತೆಂದು ತಾಯಿ ಚಂದ್ರಮತಿಗೆ ಹೇಳಿ ನಿಜವನ್ನು ಮರೆಮಾಚಿದ. ಆಕೆ ಶಾಂತಿಗಾಗಿ ಬಲಿ ಕೊಡು ಎಂದಳು. ಜೀವಹಿಂಸೆಗೆ ಒಪ್ಪದ ಮಗ, ತಾಯಿಯ ಮಾತನ್ನೂ ಮೀರಲಾರದೆ, ಹಿಟ್ಟಿನ ಕೋಳಿಯನ್ನು ಕಡಿಯಲು ಒಪ್ಪಿಕೊಂಡ. ಕತ್ತಿ ಬೀಳುವಾಗ ಆ ಹಿಟ್ಟಿನ ಕೋಳಿ ಕೂಗಿತು. ಅದರೊಳಗೆ ಬೆಂತರವೊಂದು ಹೊಕ್ಕಿತ್ತು.

ಕನ್ನಡ ಕಾವ್ಯದಲ್ಲಿ ಇದಕ್ಕಿಂತ ನಡುಗಿಸುವ ಕೂಗು ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಯಶೋಧರ ಕಡಿದದ್ದು ಹಿಟ್ಟನ್ನು, ಆದರೆ ಕಡಿಯುವ ಸಂಕಲ್ಪ ನಿಜವಾಗಿತ್ತು. ಜೀವವಿಲ್ಲದ್ದು ಎಂದುಕೊಂಡದ್ದಕ್ಕೆ ದನಿ ಬಂದುಬಿಟ್ಟಿತು. ಸ್ಕ್ರೂಜ್ ಸಂಖ್ಯೆ ಎಂದುಕೊಂಡದ್ದಕ್ಕೆ ಟೈನಿ ಟಿಮ್‌ನ ಮುಖ ಬಂದಂತೆಯೇ ಇದು. ಇಬ್ಬರು ಲೇಖಕರೂ ಪ್ರೇತವನ್ನು ಹೆದರಿಸಲೆಂದು ತಂದವರಲ್ಲ. ಮನುಷ್ಯ ತಾನು ಮಾಡುತ್ತಿರುವುದು ಏನೂ ಅಲ್ಲ ಎಂದು ಸಮಾಧಾನ ಹೇಳಿಕೊಂಡಿರುವಾಗ, ಆ ಸಮಾಧಾನವನ್ನು ಒಡೆಯಲು ತಂದವರು.

ಮುಂದೆ ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ತಾಯಿಮಗ ಇಬ್ಬರೂ ನವಿಲು ನಾಯಿಗಳಿಂದ ಮೊದಲಾಗಿ ಹಲವು ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ತಂದೆಯ ಶ್ರಾದ್ಧಕ್ಕೆಂದು ಮಗ ಯಶೋಮತಿ ಕೊಲ್ಲಿಸುವ ಪ್ರಾಣಿಯಲ್ಲಿ ಇರುವುದು ತಂದೆಯ ಜೀವವೇ. ಕೊನೆಗೆ ಇಬ್ಬರೂ ಕೋಳಿಗಳಾಗಿ ಹುಟ್ಟಿ, ಮುನಿಯ ಮಾತು ಕೇಳಿ ಹಿಂದಿನದೆಲ್ಲ ನೆನಪಾಗಿ ಕೂಗುತ್ತಾರೆ. ಆ ಕೂಗನ್ನು ಗುರಿಯಿಟ್ಟು ಯಶೋಮತಿ ಬಿಟ್ಟ ಶಬ್ದವೇಧಿ ಬಾಣಕ್ಕೆ ಸಿಕ್ಕಿ ಸತ್ತು, ಅವನ ಮಕ್ಕಳಾದ ಅಭಯರುಚಿ, ಅಭಯಮತಿಯರಾಗಿ ಹುಟ್ಟುತ್ತಾರೆ. ಕೋಳಿಯ ಕೂಗಿನಿಂದ ಆರಂಭವಾದ ಕರ್ಮ ಕೋಳಿಯ ಕೂಗಿನಲ್ಲೇ ಮುಗಿಯುತ್ತದೆ. ಹೆಚ್ಚುಕಡಿಮೆ ಪೂರ್ತಿ ಕಂದಪದ್ಯಗಳಲ್ಲಿ, ಮುನ್ನೂರು ಚಿಲ್ಲರೆ ಪದ್ಯಗಳಷ್ಟೇ ಇರುವ ಕಾವ್ಯದಲ್ಲಿ ಇಂಥ ಕಟ್ಟಡ ಕಟ್ಟಿದವನ ಕೈಚಳಕ ದೊಡ್ಡದು.

ಒಂದು ಭೇದವನ್ನು ಇಲ್ಲಿ ಗಮನಿಸಬೇಕು. ಸ್ಕ್ರೂಜ್ ತನ್ನ ಬದುಕನ್ನೇ ನೋಡುತ್ತಾನೆ. ಮಾರಿದತ್ತ ಕೇಳುವುದು ಇನ್ನೊಬ್ಬನ ಕಥೆ. ಆದರೆ ಅವನ ಕೈಯಲ್ಲಿ ಕತ್ತಿ ಇದೆ, ಎದುರಿಗೆ ಬಲಿಪೀಠವಿದೆ. ಹಿಟ್ಟಿನ ಕೋಳಿಗೇ ಇಷ್ಟು ಫಲವಾದರೆ ತಾನು ಕೂಡಿಹಾಕಿರುವ ಈ ಜೀವಗಳಿಗೆ ಎಷ್ಟು ಎಂಬ ಲೆಕ್ಕ ಅವನಿಗೆ ತಾನಾಗಿ ಹೊಳೆಯುತ್ತದೆ. ಆ ಎಳೆಯರು ಯಶೋಮತಿಯ ಮಡದಿಯಾದ ತನ್ನ ತಂಗಿ ಕುಸುಮಾವಳಿಯ ಮಕ್ಕಳೆಂದೂ ತಿಳಿಯುತ್ತದೆ.

ಹಬ್ಬದ ಸ್ಥಾನವೂ ಎರಡರಲ್ಲಿ ತಿರುವುಮುರುವು. ಡಿಕನ್ಸನಲ್ಲಿ ಹಬ್ಬ ಸರಿಯಾಗಿದೆ, ಮನುಷ್ಯ ಅದರ ಹೊರಗಿದ್ದಾನೆ. ಕಥೆ ಅವನನ್ನು ಒಳಗೆ ಕರೆತರುತ್ತದೆ. ಜನ್ನನಲ್ಲಿ ಊರಿಗೆ ಊರೇ ಹಬ್ಬದೊಳಗಿದೆ, ತಪ್ಪಿರುವುದು ಹಬ್ಬವೇ. ಅಲ್ಲಿ ಕೊನೆಗೆ ಚಂಡಮಾರಿಯೂ ಬಲಿಯನ್ನು ಬಿಡುತ್ತಾಳೆ. ಒಬ್ಬ ವ್ಯಕ್ತಿಯನ್ನು ತಿದ್ದುವುದಕ್ಕಿಂತ ಊರಿನ ಆಚರಣೆಯನ್ನೇ ಪ್ರಶ್ನಿಸುವುದು ಹೆಚ್ಚು ಧೈರ್ಯದ ಕೆಲಸ. ಈ ವಿಷಯದಲ್ಲಿ ನಾನು ಜನ್ನನಿಗೆ ಮೊದಲ ಮಣೆ ಹಾಕುತ್ತೇನೆ.

ಭವಿಷ್ಯದ ಪ್ರೇತದ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಅದು ಮಾತಾಡುವುದಿಲ್ಲ, ಬೆರಳು ತೋರಿಸುತ್ತದೆ. ಸತ್ತವನೊಬ್ಬನ ಹಾಸಿಗೆಯ ಪರದೆಗಳನ್ನೂ ಬಿಡದೆ ಕದ್ದು ಮಾರುವವರನ್ನು ತೋರಿಸಿ, ಕೊನೆಗೆ ಪಾಳುಬಿದ್ದ ಸಮಾಧಿಯೊಂದರ ಕಲ್ಲಿನ ಮೇಲೆ ಸ್ಕ್ರೂಜ್ ತನ್ನದೇ ಹೆಸರನ್ನು ಓದುವಂತೆ ಮಾಡುತ್ತದೆ. ಕಲ್ಲಿನ ಮೇಲಿನ ಹೆಸರು ನಮ್ಮ ಈ ಭಾಗಕ್ಕೆ ಹೊಸದಲ್ಲ. ನಾವು ಕುಳಿತಿರುವ ಜಾಗದಿಂದ ಸ್ವಲ್ಪವೇ ದೂರದ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ವೀರಗಲ್ಲಿನಲ್ಲಿ ಕಿಟ್ಟಯ್ಯ ಎಂಬವನ ಹೆಸರಿದೆ. ಗಂಗ ದೊರೆ ಶ್ರೀಪುರುಷನ ಕಾಲದಲ್ಲಿ, ಸುಮಾರು ಕ್ರಿ.ಶ. 750ರಲ್ಲಿ, ಊರಿಗಾಗಿ ಹೋರಾಡಿ ಮಡಿದವನು ಅವನು. ಸಾವಿರದ ಇನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ನಂತರವೂ ಆ ಹೆಸರನ್ನು ನಾವು ಗೌರವದಿಂದ ಓದುತ್ತೇವೆ. ಸ್ಕ್ರೂಜ್ ಕಂಡ ಕಲ್ಲಿನಲ್ಲಿ ಹೆಸರಿತ್ತು, ಆ ಹೆಸರಿಗೆ ಮರುಗುವವರು ಒಬ್ಬರೂ ಇರಲಿಲ್ಲ. ಅವನು ಮಂಡಿಯೂರಿದ್ದು ಅದಕ್ಕೆ.

ಈಗ ಮೂರನೆಯ ಮತ್ತು ಕಷ್ಟದ ಪ್ರಶ್ನೆ: ಬಿಡುಗಡೆ ಯಾರಿಗೆ?

ಸ್ಕ್ರೂಜ್ ಮರುದಿನ ಎದ್ದು ಕ್ರ್ಯಾಚಿಟ್‌ನ ಮನೆಗೆ ದೊಡ್ಡ ಟರ್ಕಿ ಕೋಳಿ ಕಳಿಸುತ್ತಾನೆ, ಸೋದರಳಿಯ ಫ್ರೆಡ್‌ನ ಮನೆಗೆ ಊಟಕ್ಕೆ ಹೋಗುತ್ತಾನೆ, ಗುಮಾಸ್ತನ ಸಂಬಳ ಏರಿಸುತ್ತಾನೆ. ಅಂಗಡಿ ಮುಚ್ಚುವುದಿಲ್ಲ. ಮಾರಿದತ್ತ ಸಿಂಹಾಸನ ಬಿಟ್ಟು ದೀಕ್ಷೆ ತೆಗೆದುಕೊಳ್ಳುತ್ತಾನೆ. ನಾಯಕ ಸರ್ವಸ್ವವನ್ನೂ ದಾನಮಾಡಿ, ವ್ಯಾಸರಾಯರ ಶಿಷ್ಯನಾಗಿ, ತಂಬೂರಿ ಹಿಡಿದು ಬೀದಿಗಿಳಿಯುತ್ತಾನೆ. ಒಬ್ಬ ಸಂಸಾರದೊಳಗೆ ಮರಳಿದ, ಒಬ್ಬ ಸಂಸಾರ ಬಿಟ್ಟ, ಒಬ್ಬ ಸಂಸಾರವನ್ನೇ ಬೀದಿಗೆ ತಂದು ಹಾಡಾಗಿಸಿದ. ಇವುಗಳಲ್ಲಿ ಯಾವುದು ದೊಡ್ಡದೆಂದು ನಾನು ತೂಗುವುದಿಲ್ಲ. ಆದರೆ ಸ್ಕ್ರೂಜನ ದಾರಿ ನಮ್ಮನಿಮ್ಮಂಥವರಿಗೆ ನಾಳೆ ಬೆಳಿಗ್ಗೆಯೇ ಸಾಧ್ಯವಾದದ್ದು. ಆ ಪುಸ್ತಕದ ಜನಪ್ರಿಯತೆಗೆ ಇದೂ ಕಾರಣ.

ಅದರ ಮಿತಿಯೂ ಅಲ್ಲೇ ಇದೆ. ಟೈನಿ ಟಿಮ್ ಉಳಿದ. ಪ್ರೇತದ ನಿಲುವಂಗಿಯಡಿಯ ಆ ಇಬ್ಬರು ಮಕ್ಕಳು ಏನಾದರು? ಕಥೆ ಅವರ ಬಳಿಗೆ ಮತ್ತೆ ಹೋಗುವುದಿಲ್ಲ. ಒಬ್ಬ ಯಜಮಾನನ ಮನಸ್ಸು ಕರಗಿದರೆ ಒಬ್ಬ ಗುಮಾಸ್ತನ ಸಂಬಳ ಏರಬಹುದು. ದುಡಿಮೆಮನೆಗಳು ಹಾಗೇ ಇರುತ್ತವೆ. ಡಿಕನ್ಸ್ ಆ ಮಕ್ಕಳನ್ನು ತೋರಿಸಿ, ಉತ್ತರವನ್ನು ಓದುಗರ ಮೇಲೆ ಬಿಟ್ಟ.

ಜನ್ನನ ಕಾವ್ಯದಲ್ಲಿ ಹೊರಗುಳಿದವಳು ಅಮೃತಮತಿ. ಯಶೋಧರ, ಚಂದ್ರಮತಿ, ಯಶೋಮತಿ, ಮಾರಿದತ್ತ, ದೇವತೆಯಾದ ಚಂಡಮಾರಿ ಕೂಡ ತಿದ್ದಿಕೊಳ್ಳುತ್ತಾರೆ. ಅಮೃತಮತಿಗೆ ಮಾತ್ರ ಆ ಅವಕಾಶವಿಲ್ಲ. ಅವಳು ಕೊಲೆಗಾರ್ತಿ, ನಿಜ. ಆದರೆ ಅವಳಿಗೆ ತನ್ನ ಬದುಕನ್ನು ಹೊರಗೆ ನಿಂತು ನೋಡುವ ಒಂದು ರಾತ್ರಿಯನ್ನೂ ಕವಿ ಕೊಡಲಿಲ್ಲ. ಆ ಹಾಡು ಅವಳನ್ನು ಏಕೆ ಕರೆಯಿತು ಎಂದು ಅವಳ ಬಾಯಿಂದಲೇ ಕೇಳಬೇಕೆಂಬ ಬಯಕೆ ಓದುಗರಲ್ಲಿ ಉಳಿದೇ ಇತ್ತು. ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕದಲ್ಲಿ ಈ ಕಥೆಯನ್ನು ಮತ್ತೆ ಕೈಗೆತ್ತಿಕೊಂಡು ರಾಣಿಗೆ ಮಾತು ಕೊಟ್ಟರು. ಎಂಟು ಶತಮಾನ ಕಳೆದ ಮೇಲೂ ಒಂದು ಕಾವ್ಯದಲ್ಲಿ ಹೀಗೆ ಕೇಳಲು ಪ್ರಶ್ನೆ ಉಳಿದಿರುವುದು ಅದು ಇನ್ನೂ ಬದುಕಿದೆ ಎಂಬುದರ ಗುರುತು.

ಕೊನೆಯದಾಗಿ ಒಂದು ಕೋರಿಕೆ. ಡಿಕನ್ಸ್ 1853ರ ಡಿಸೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಈ ಪುಸ್ತಕವನ್ನು ಸಾರ್ವಜನಿಕರ ಮುಂದೆ ತಾನೇ ಓದಿದ. ದುಡಿಯುವ ಜನಕ್ಕೂ ಕೇಳಲು ಸಿಗಲೆಂದು ಒಂದು ವಾಚನವನ್ನು ಅವರಿಗಾಗಿ ಕಡಿಮೆ ದರದಲ್ಲಿ ಇಡಿಸಿದ. ಗಟ್ಟಿಯಾಗಿ ಓದಿ ಕೇಳಿಸುವ ಕಲೆ ನಮಗೆ ಗಮಕವಾಗಿ ಬಂದಿದೆ. ಕುಮಾರವ್ಯಾಸನನ್ನೂ ಲಕ್ಷ್ಮೀಶನನ್ನೂ ಗಮಕಿಗಳ ಬಾಯಲ್ಲಿ ಕೇಳುವ ನಾವು ಜನ್ನನನ್ನು ಕೇಳುವುದು ಬಹಳ ಅಪರೂಪ. ಈ ದತ್ತಿಯ ಮುಂದಿನ ವರ್ಷದ ಕಾರ್ಯಕ್ರಮದಲ್ಲಿ ಉಪನ್ಯಾಸದ ಜೊತೆಗೆ ‘ಯಶೋಧರ ಚರಿತೆ’ಯ ಹಿಟ್ಟಿನ ಕೋಳಿಯ ಪ್ರಸಂಗವನ್ನು ಗಮಕಿಯೊಬ್ಬರಿಂದ ವಾಚನ ಮಾಡಿಸಿ, ವ್ಯಾಖ್ಯಾನ ಹೇಳಿಸಬೇಕೆಂದು ಸಂಚಾಲಕರನ್ನು ಕೇಳಿಕೊಳ್ಳುತ್ತೇನೆ. ಅದೇ ಸಂಜೆ ಇಲ್ಲಿನ ಶಾಲೆಯ ಮಕ್ಕಳು ಮಾರ್ಲಿಯ ಪ್ರೇತದ ಭಾಗವನ್ನು ಕನ್ನಡದಲ್ಲಿ ಓದಲಿ. ಸಭೆಗೆ ಬರುವವರು ಮನೆಯಲ್ಲಿ ಜನ್ನನ ಪುಸ್ತಕವನ್ನು ಒಮ್ಮೆ ಓದಿಕೊಂಡು ಬನ್ನಿ. ಹೊಸಗನ್ನಡ ಗದ್ಯಾನುವಾದದೊಡನೆ ಓದಿದರೆ ಒಂದು ವಾರ ಸಾಕು.